ಎದುರಾಳಿಯ ಎಡಗಾಲು

"ಬಾಲ್ ಯಾರದ್ದು? ಬೇಗ ಹೇಳಿ!"

ದಬ್ಬನೆ ಬಿದ್ದವಳ ಬಾಯಿಂದ ಬಂದ ಮೊದಲ ಮಾತೇ ಅದು.

ಗೆರೆ ದಾಟುತ್ತಿದ್ದ ಚೆಂಡಿನ ಹಿಂದೆ ಹಾರಿದವಳು ನೇರ ಹೋಗಿ ಎದುರಾಳಿ ತಂಡದ ಬೆಂಚಿಗೆ ಅಪ್ಪಳಿಸಿದ್ದಳು. ಐಸ್ ಡಬ್ಬಿ ಮಗುಚಿ, ನೀರಿನ ಬಾಟಲಿಗಳು ದಿಕ್ಕಾಪಾಲಾಗಿ, ಅವಳು ಬಿದ್ದದ್ದು ಒಬ್ಬ ತೆಳ್ಳಗಿನ ಗಂಡಸಿನ ಮಡಿಲಿಗೆ!

"ನಿಮ್ಮ ಮೊಣಕೈಯಲ್ಲಿ ರಕ್ತ ಬರ್ತಿದೆ..."

"ರಕ್ತ ಎಲ್ಲಿಗೂ ಓಡಿಹೋಗಲ್ಲ. ಕೊನೇಲಿ ಯಾರ ಕೈಗೆ ತಾಗಿ ಹೊರಗೆ ಬಂತು? ನೋಡಿದ್ರಾ?"

"ನೋಡಿದೆ. ನಮ್ಮೋರ ಕೈಗೆ."

"ಕೇಳಿಸ್ತಾ ಸಾರ್? ಇವರೇ ಹೇಳ್ತಿದ್ದಾರೆ!" ಅವಳು ರೆಫ್ರಿಯತ್ತ ಕೂಗಿದಳು.

ಆ ತಂಡದ ಕೋಚು ಅವನನ್ನು ದುರುಗುಟ್ಟಿ ನೋಡಿದ. ಅವನು ಏನೂ ಆಗದವನ ಹಾಗೆ ಹತ್ತಿ ತೆಗೆದು ಅವಳ ಮೊಣಕೈ ಒರೆಸತೊಡಗಿದ. ಎಷ್ಟು ಹಗುರವಾದ ಕೈ!

'ಒಳ್ಳೆ ಹುಚ್ಚಪ್ಪ ಸಿಕ್ಕಿದ. ಸ್ವಂತ ತಂಡ ಸೋತರೂ ಪರವಾಗಿಲ್ಲ ಅಂತ ನಿಜ ಹೇಳೋರೂ ಇದ್ದಾರಾ?' ಅಂದುಕೊಂಡಳು. ಅಂದುಕೊಂಡು, ನೋಡಬೇಕಾದ್ದಕ್ಕಿಂತ ಒಂದು ಕ್ಷಣ ಜಾಸ್ತಿಯೇ ಅವನ ಮುಖ ನೋಡಿದಳು.

ಇವಳು ಗಿರಣಿ ಕ್ಲಬ್ಬಿನ ಬಾಸ್ಕೆಟ್‌ಬಾಲ್ ತಂಡದ ಜೀವಾಳ. ತಂಡದಲ್ಲೆಲ್ಲ ಕುಳ್ಳಿ. ಆದರೆ ಚೆಂಡು ಕೈಗೆ ಸಿಕ್ಕಿತೋ, ಗರಗರ ತಿರುಗಿ ಇಬ್ಬರು ಮೂವರ ನಡುವೆ ನುಸುಳಿಬಿಡುವಳು. ಅದಕ್ಕೇ ಎಲ್ಲರ ಬಾಯಲ್ಲಿ 'ಬುಗುರಿ'. ಗೆಲ್ಲುವ ಹುಚ್ಚು ಅಂದರೆ ಇವಳದ್ದೇ! ಅಮ್ಮನ ಜೊತೆ ಕೇರಂ ಆಡಿ ಸೋತರೂ ಊಟ ಬಿಡುವ ಪೈಕಿ.

ಅವನು ಬಂದರು ಕ್ಲಬ್ಬಿನ ಫಿಸಿಯೋ. ಆಟಗಾರ್ತಿಯರ ಉಳುಕು, ಊತ ನೋಡಿಕೊಳ್ಳುವವನು. ಕಾಲಿಗೆ ಟೇಪು ಸುತ್ತುವುದರಲ್ಲಿ ಎತ್ತಿದ ಕೈ ಅಂತ ಹುಡುಗಿಯರು ಅವನಿಗೆ ಇಟ್ಟ ಹೆಸರು 'ಟೇಪ್ ಡಾಕ್ಟ್ರು'.

ಮೊಣಕೈ ಗಾಯದ ನೆಪದಲ್ಲಿ ಶುರುವಾದ ಮಾತು ಮುಗಿಯಲೇ ಇಲ್ಲ. 'ನೀವು' ಹೋಗಿ 'ನೀನು' ಬಂತು. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಆಲ್ಟ್ರೇಷನ್ ಅಂಗಡಿ ಇಟ್ಟಿದ್ದರು. ಕ್ಲಬ್ಬಿನ ಜೆರ್ಸಿಗಳಿಗೆ ನಂಬರು ಹೊಲಿಯುತ್ತಾ, ಕನ್ನಡಕದ ಮೇಲಿಂದ ನೋಡಿ ಒಂದು ದಿನ ಕೇಳಿಯೇಬಿಟ್ಟರು.

"ಅಲ್ಲ ಕಣೇ, ಗಾಯ ವಾಸಿಯಾಗಿ ಯಾವ ಕಾಲ ಆಯ್ತು! ಡಾಕ್ಟ್ರು ಮಾತ್ರ ಬರ್ತಾನೇ ಇದ್ದಾರಲ್ಲ?"

"ಹೋಗಮ್ಮ..." ಬುಗುರಿಯ ಮುಖ ಕೆಂಪೇರಿತ್ತು.

ಒಂದು ಷರತ್ತು ಮಾತ್ರ ಇಬ್ಬರೂ ಮಾಡಿಕೊಂಡಿದ್ದರು. ಆಟದ ಮಾತು ಮನೆಯೊಳಗೆ ತರಬಾರದು. ಅವನ ತಂಡದ ಗುಟ್ಟು ಅವನಿಗೆ, ಇವಳದ್ದು ಇವಳಿಗೆ.

ಆ ಮಾತನ್ನು ಅವನೂ ಮೀರಲಿಲ್ಲ, ಇವಳೂ ಮೀರಲಿಲ್ಲ. ಆದರೂ ಆಗಬಾರದ್ದು ಆಗಿಹೋಯಿತು.

ಫೈನಲ್‌ಗೆ ಕೆಲವೇ ದಿನವಿತ್ತು. ಎದುರಾಳಿ ಬಂದರು ಕ್ಲಬ್ಬೇ. ಐದು ವರ್ಷದಿಂದ ಕಪ್ಪು ಅವರದ್ದೇ. ಅವರ ಕ್ಯಾಪ್ಟನ್ 'ಏಣಿ' ಕೈ ಎತ್ತಿ ನಿಂತಳೆಂದರೆ ಬುಟ್ಟಿಯೇ ಕಾಣಿಸದು. ಒಂದು ಸಂಜೆ ಇವಳ ಮನೆಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವನು ಜೇಬಿನಿಂದ ಟೇಪಿನ ಸುರುಳಿ ತೆಗೆದ.

"ಒಂಚೂರು ಕಾಲು ಕೊಡ್ತೀಯಾ? ಹೊಸ ಥರ ಸುತ್ತಿ ನೋಡ್ಬೇಕು."

ಅವಳು ನಗುತ್ತಾ ಬಲಗಾಲು ಚಾಚಿದಳು.

"ಅದಲ್ಲ. ಎಡಗಾಲು ಬೇಕು."

ಪಾದದ ಕೀಲಿನ ಹೊರಬದಿಗೆ ಒಂದರ ಮೇಲೊಂದು ಪಟ್ಟಿ ಎಳೆದು ಬಿಗಿದ. ತೃಪ್ತಿಯಾಗದೆ ಬಿಚ್ಚಿದ. ಮತ್ತೆ ಸುತ್ತಿದ. ಅವನ ಹುಬ್ಬುಗಳ ನಡುವೆ ಗೆರೆ ಮೂಡಿತ್ತು.

"ಚೆನ್ನಾಗಿದೆ ಬಿಡು. ನೀನು ಸುತ್ತಿದ ಮೇಲೆ ಕೇಳ್ಬೇಕಾ?" ಅಂದಳು.

"ನಂಗೆ ಬೇರೇನೂ ಬರಲ್ಲ ಕಣೇ. ಬರೋದು ಇದೊಂದೇ." ಅವನು ತನ್ನ ಎರಡೂ ಕೈ ನೋಡಿಕೊಂಡು ನಕ್ಕ.

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಏಣಿ ಆ ವಾರ ಪ್ರಾಕ್ಟೀಸಿಗೆ ಬಂದಿಲ್ಲವೆಂಬ ಸುದ್ದಿ ಇವಳ ಕಿವಿಗೆ ಬಿದ್ದಿತ್ತು. ಅಷ್ಟು ಸಾಕಾಗಿತ್ತು.

'ಏಣಿಯ ಎಡಗಾಲು...'

ಮರೆತುಬಿಡಬೇಕು ಅಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು!

* * *

ಫೈನಲ್ ದಿನ ಒಳಾಂಗಣ ಕ್ರೀಡಾಂಗಣ ಕಿಕ್ಕಿರಿದಿತ್ತು. ಕೊನೆಯ ಹಂತಕ್ಕೆ ಬರುವಾಗ ಗಿರಣಿ ಕ್ಲಬ್ ಹಿಂದಿತ್ತು. ಬುಗುರಿ ಎಷ್ಟೇ ತಿರುಗಿದರೂ ಎದುರಿಗೆ ಏಣಿ. ಎರಡು ಸಲ ಅವಳ ಹೊಡೆತವನ್ನು ಏಣಿ ನೊಣ ಹೊಡೆದ ಹಾಗೆ ಹೊಡೆದು ಎಸೆದಿದ್ದಳು. ಬಂದರು ತಂಡದ ಬೆಂಬಲಿಗರು ಸಿಳ್ಳೆ ಹಾಕಿದರು. ಆ ಸಿಳ್ಳೆ ಅವಳ ಮೈಯೆಲ್ಲ ಉರಿಸಿತು.

'ಬೇಡ... ಬೇಡ ಕಣೇ...'

ಮನಸ್ಸು ಬೇಡ ಅನ್ನುತ್ತಲೇ ಇತ್ತು. ಕಾಲು ಕೇಳಲಿಲ್ಲ.

ಒಂದು ಕಡೆಗೆ ನುಗ್ಗುವ ಹಾಗೆ ನಟಿಸಿ, ಏಣಿ ಎಡಗಾಲು ಊರಿಯೇ ತಿರುಗಬೇಕಾಗುವ ಹಾಗೆ ಸರಕ್ಕನೆ ಇನ್ನೊಂದು ಕಡೆಗೆ ಹೊರಳಿದಳು. ಏಣಿ ಅರ್ಧ ಹೆಜ್ಜೆ ಹಿಂದೆ ಬಿದ್ದಳು. ಚೆಂಡು ಬುಟ್ಟಿಯೊಳಗೆ!

ಹಾಗಾದರೆ ನಿಜ...

ಮತ್ತೆ ಅದೇ ಆಟ. ಮತ್ತೆ ಬುಟ್ಟಿ. ಏಣಿಯ ಮುಖ ನೋವಿಗೆ ಹಿಂಡಿಹೋದದ್ದನ್ನು ಬುಗುರಿ ಕಣ್ಣಾರೆ ಕಂಡಳು. ಕಂಡೂ ಮತ್ತೊಮ್ಮೆ ಅಲ್ಲಿಗೇ ನುಗ್ಗಿದಳು.

"ಅಮ್ಮಾ...!"

ಏಣಿ ಕುಸಿದಳು. ಎಡ ಪಾದ ಅಡ್ಡ ಮಗುಚಿತ್ತು. ಬುಗುರಿ ನಿಲ್ಲಲಿಲ್ಲ. ಚೆಂಡನ್ನು ಹಾಕಿಯೇ ತಿರುಗಿದಳು.

ಬೆಂಚಿನಿಂದ ಅವನು ಓಡಿ ಬರುತ್ತಿದ್ದ. ಅವಳು ಮುಖ ತಿರುಗಿಸಿಕೊಂಡಳು.

ಗಿರಣಿ ಕ್ಲಬ್ ಗೆದ್ದಿತು. ಹುಡುಗಿಯರು ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅತ್ಯುತ್ತಮ ಆಟಗಾರ್ತಿ ಅಂತ ಕರೆದು ತಂಡದ ಕಪ್ಪನ್ನೂ ಅವಳ ಕೈಗೇ ಕೊಟ್ಟರು. ಐದು ವರ್ಷ ಕನಸಿನಲ್ಲಿ ಕಂಡ ಕಪ್ಪು! ಅವಳ ಕಿವಿಯಲ್ಲಿ ಮಾತ್ರ 'ಅಮ್ಮಾ' ಅನ್ನೋ ಕೂಗು.

ಸಂಜೆ ಅವನ ಫೋನು ಬಂತು.

"ಲಿಗಮೆಂಟ್ ಹರಿದಿದೆ ಅಂತೆ... ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ನೀನು ಅವಳ ಆ ಕಾಲು ನೋಡ್ಕೊಂಡು ಆಡಿದ್ಯಾ?"

'ಹೇಳಿಬಿಡೇ, ಈಗಲೇ ಹೇಳಿಬಿಡು...' ಅಂತು ಮನಸ್ಸು.

"ಇಲ್ಲಪ್ಪ! ಯಾವ ಕಾಲು? ನಂಗೇನು ಗೊತ್ತು?"



"ಹೌದಲ್ವಾ... ಛೆ, ನಾನೆಂಥವನು! ನಿನ್ನನ್ನೇ ಅನುಮಾನಿಸಿಬಿಟ್ಟೆ. ಸಾರಿ ಕಣೇ."

ತಪ್ಪು ಮಾಡಿದವಳು ಇವಳು, ಸಾರಿ ಕೇಳಿದವನು ಅವನು! ಫೋನಿಟ್ಟ ಮೇಲೆ ಬುಗುರಿ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

* * *

ಆಮೇಲೆ ಅವನು ಮನೆ ಕಡೆ ಬರುವುದನ್ನೇ ಬಿಟ್ಟ. ಫೋನು ಮಾಡಿದರೆ "ಹೂಂ", "ಆಮೇಲೆ ಮಾತಾಡ್ತೀನಿ". 'ಗೊತ್ತಾಗಿದೆ... ಅವನಿಗೆ ಎಲ್ಲಾ ಗೊತ್ತಾಗಿಹೋಗಿದೆ' ಅಂದುಕೊಂಡ ಅವಳೂ ಫೋನು ಮಾಡುವುದನ್ನು ಬಿಟ್ಟಳು.

ತಡೆಯಲಾರದೆ ಒಂದು ದಿನ ತನ್ನ ಕೋಚಿಗೆ ಹೇಳಿದಳು. ಕೋಚು ನಕ್ಕುಬಿಟ್ಟರು.

"ಅದಕ್ಕೆ ಯಾಕಮ್ಮ ಇಷ್ಟು ತಲೆ ಕೆಡಿಸ್ಕೋತೀಯಾ? ಎದುರಿನವರು ಎಲ್ಲಿ ಮೆತ್ತಗಿದ್ದಾರೋ ಅಲ್ಲೇ ನುಗ್ಬೇಕು. ಫೌಲ್ ಮಾಡಿದ್ಯಾ? ಇಲ್ಲ. ಮುಗೀತು!"

ಮುಗಿಯಲಿಲ್ಲ. ನಿಯಮದ ಪ್ರಕಾರ ಅವಳದ್ದು ಎಳ್ಳಷ್ಟೂ ತಪ್ಪಿಲ್ಲ. ಆದರೆ ಆ ಕಾಲಿನ ಗುಟ್ಟು ಸಿಕ್ಕಿದ್ದು ಕೋರ್ಟಿನಲ್ಲಲ್ಲ. ನಂಬಿ ತನ್ನ ಕಾಲು ಹಿಡಿದು ಕೂತಿದ್ದವನ ಕೈಯಿಂದ.

"ಗೆದ್ದವಳ ಮುಖ ಇದಲ್ಲ," ಅಂದರು ಅಮ್ಮ, ಹೊಲಿಗೆ ಯಂತ್ರ ನಿಲ್ಲಿಸಿ. "ಏನಾಗಿದೆ, ಬೊಗಳು."

ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಆಟದ್ದು ನಂಗೆ ಗೊತ್ತಾಗಲ್ಲ ಕಣಮ್ಮ. ಆದ್ರೆ ಆ ಹುಡುಗ ನಿನ್ ಹತ್ರ ಸಾರಿ ಕೇಳಿದ್ನಲ್ಲ... ಅದನ್ನ ಹೇಗೆ ಇಸ್ಕೊಂಡೆ ನೀನು?"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

* * *

ಬಂದರು ಕ್ಲಬ್ಬಿನ ಚಿಕಿತ್ಸಾ ಕೋಣೆಯಲ್ಲಿ ಅವನಿರಲಿಲ್ಲ. ಊರುಗೋಲು ಪಕ್ಕಕ್ಕಿಟ್ಟು, ಹಾಸಿಗೆಯ ಮೇಲೆ ಕಾಲು ಚಾಚಿ ಏಣಿ ಒಬ್ಬಳೇ ಕೂತಿದ್ದಳು.

"ಟೇಪ್ ಡಾಕ್ಟ್ರನ್ನ ಹುಡುಕ್ತಾ ಇದ್ಯಾ? ಕೆಲಸ ಬಿಟ್ಟಾಯ್ತಲ್ಲ. ನಿಂಗೆ ಹೇಳ್ಲಿಲ್ವಾ?"

"ಬಿಟ್ಟನಾ? ಯಾಕೆ?"

"ಅವನು ಸುತ್ತಿದ್ದ ಟೇಪು ಸಡಿಲ ಆಗಿ ನಾನು ಬಿದ್ದೆ ಅಂತೆ. 'ಅವಳು ಬೇಕಂತ ಆಡಿಲ್ಲ, ನಾನೇ ಕೇಳಿದ್ದೀನಿ. ಅಂದ್ಮೇಲೆ ತಪ್ಪು ನನ್ನ ಕೈಯದ್ದೇ' ಅಂತ ಹಠ. ನಾವೆಲ್ಲ ಹೇಳಿ ಹೇಳಿ ಸಾಕಾಯ್ತು. ಈಗ ಯಾರ ಕಾಲನ್ನೂ ಮುಟ್ಟಲ್ಲ ಅಂತಾನೆ."

ಅಯ್ಯೋ ದೇವರೇ! ಅವನು ದೂರ ಹೋದದ್ದು ಕೋಪಕ್ಕಲ್ಲ... ನಾಚಿಕೆಗೆ! ಅವಳು ಹೇಳಿದ ಒಂದು ಸುಳ್ಳು ಅವನ ಕೈಗಳನ್ನೇ ಕಟ್ಟಿಹಾಕಿತ್ತು.

"ನಾನು ನೋಡ್ಕೊಂಡೇ ನುಗ್ಗಿದ್ದು," ಅಂದಳು ಬುಗುರಿ. "ನಿನ್ನ ಎಡಗಾಲಿಗೆ ಏನೋ ಆಗಿದೆ ಅಂತ ಗೊತ್ತಿತ್ತು. ಮೂರು ಸಲಾನೂ ಬೇಕಂತಲೇ ಆಡಿದ್ದು."

ಏಣಿ ಅವಳನ್ನೇ ನೋಡಿದಳು.

"ಅದು ಎರಡನೇ ಸಲಕ್ಕೇ ನಂಗೆ ಗೊತ್ತಾಯ್ತು ಕಣೇ. ನಾನಾಗಿದ್ರೂ ಹಾಗೇ ಆಡ್ತಿದ್ನೇನೋ. ಆದ್ರೆ ಹೇಗೆ ಗೊತ್ತಾಯ್ತು ಅನ್ನೋದಿದೆ ನೋಡು..." ಅವಳು ಊರುಗೋಲನ್ನು ಹತ್ತಿರ ಎಳೆದುಕೊಂಡಳು. "ಕ್ಷಮಿಸೋ ಮೂಡಲ್ಲಿ ನಾನಿಲ್ಲ. ಕಾಲು ಸರಿಹೋಗ್ಲಿ, ಕೋರ್ಟಲ್ಲಿ ನೋಡ್ಕೋತೀನಿ ನಿನ್ನ. ಮೊದಲು ಅವನ ಹತ್ರ ಹೋಗು. ಅವರ ಮಾವನ ಹಾಸಿಗೆ ಅಂಗಡೀಲಿ ಕೂತಿದ್ದಾನೆ."

* * *

ಅಂಗಡಿ ತುಂಬ ಛಾವಣಿ ಮುಟ್ಟುವ ಹಾಸಿಗೆಗಳ ರಾಶಿ. ಗಲ್ಲಾದ ಹಿಂದಿದ್ದ ಮಾವ ಗಿರಾಕಿ ಬಂದಳೆಂದು ಎದ್ದೇಬಿಟ್ಟರು.

"ಬನ್ನಿ ತಾಯಿ! ಕೂತು ನೋಡಿ, ಮಲಗಿ ನೋಡಿ. ನೋಡೋಕೇನೂ ದುಡ್ಡು ಕೊಡ್ಬೇಕಾಗಿಲ್ಲ!"

"ಮಾವ, ಅವಳು ನನ್ನ ನೋಡೋಕೆ ಬಂದಿರೋದು," ಅಂತ ಮೂಲೆಯಿಂದ ಅವನು ಎದ್ದುಬಂದ. ಸೊರಗಿಹೋಗಿದ್ದ.

ಮಾವ ಇಬ್ಬರ ಮುಖವನ್ನೂ ನೋಡಿ, ಏನೋ ನೆನಪಾದವರ ಹಾಗೆ ಹಿಂದಿನ ಗೋಡೌನಿಗೆ ನಡೆದರು.

ಪ್ಲಾಸ್ಟಿಕ್ ಹೊದಿಸಿದ ಹಾಸಿಗೆಯ ಎರಡು ತುದಿಗೆ ಇಬ್ಬರೂ ಕೂತರು.

"ನಿನ್ನ ಟೇಪು ಸಡಿಲ ಆಗಿರ್ಲಿಲ್ಲ," ಅಂದಳು ಅವಳು. "ನಾನು ಸುಳ್ಳು ಹೇಳಿದೆ. ನನ್ನ ಕಾಲಿಗೆ ನೀನು ಸುತ್ತಿದಾಗಲೇ ಅದು ಯಾರಿಗೆ ಅಂತ ಗೊತ್ತಾಗಿತ್ತು. ಗೆಲ್ಲಬೇಕಿತ್ತು ನಂಗೆ... ಅಷ್ಟೇ. ಬಿದ್ದಾಗಲೂ ನಿಲ್ಲಲಿಲ್ಲ ನಾನು."

ಅವನ ಮುಖದಲ್ಲಿ ಮೊದಲು ಮೂಡಿದ್ದು ಕೋಪವಲ್ಲ. ಬಹಳ ದಿನದ ಭಾರ ಇಳಿಸಿದವನ ಹಾಗೆ ದೊಡ್ಡದೊಂದು ಉಸಿರು ಬಿಟ್ಟ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಬಂತು ಕೋಪ.

"ಪ್ರತಿ ದಿನ... ಪ್ರತಿ ದಿನ ಕೂತು ಯೋಚಿಸ್ತಿದ್ದೆ, ಯಾವ ಪಟ್ಟಿ ತಪ್ಪಾಗಿ ಎಳೆದೆ ಅಂತ! ಒಂದು ಹುಡುಗಿ ಕಾಲು ಹಾಳ್ ಮಾಡಿದೆ ಅಂತ! ನೀನು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೇ!"

"ನಿನ್ನ ಕಳ್ಕೋತೀನಿ ಅಂತ ಭಯ ಆಯ್ತು."

"ಹೋಗು. ಈಗ ಹೋಗು ದಯವಿಟ್ಟು."

ಅವಳು ಹೋದಳು. ಬೀದಿಯಲ್ಲಿ ಜನ ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅಳುತ್ತಾ ಹೋದಳು.

* * *

ಅವನು ಬಂದರು ಕ್ಲಬ್ಬಿಗೆ ಮರಳಿದನೆಂದು ಅಮ್ಮನ ಗಿರಾಕಿಯೊಬ್ಬರು ಹೇಳಿದರು. ಬುಗುರಿಗೆ ಅಷ್ಟೇ ಸಮಾಧಾನ. ತನ್ನ ಬಳಿಗೆ ಬರಲಿ ಅಂತ ಕೇಳುವ ಮುಖ ಅವಳಿಗಿರಲಿಲ್ಲ.

ಒಂದು ಭಾನುವಾರ ಪ್ರಾಕ್ಟೀಸ್ ಮುಗಿದು ಎಲ್ಲರೂ ಹೋದ ಮೇಲೆ ಅವಳು ಖಾಲಿ ಕೋರ್ಟಿನಲ್ಲಿ ಬೆವರು ಒರೆಸುತ್ತಾ ಕೂತಿದ್ದಳು. ಯಾರೋ ಬಂದು ಪಕ್ಕದಲ್ಲಿ ಕೂತರು. ಅವನೇ!



"ಒಂದೇ ಒಂದು ಕೇಳೋಕೆ ಬಂದೆ," ಅಂದ, ಅವಳತ್ತ ನೋಡದೆ. "ನಾಳೆ ಮತ್ತೆ ಅದೇ ಫೈನಲ್ ಅಂದ್ಕೋ. ಅದೇ ಸ್ಕೋರು, ಅದೇ ಕಾಲು. ಹಾಗೇ ಆಡ್ತೀಯಾ?"

'ಇಲ್ಲ' ಅನ್ನೋದು ನಾಲಿಗೆ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಅವಳು ಬೆವರು ಒರೆಸುತ್ತಿದ್ದ ಟವೆಲನ್ನು ಪಕ್ಕಕ್ಕಿಟ್ಟಳು.

"ಗೊತ್ತಿಲ್ಲ ಕಣೋ... ಕಣ್ಣಂತೂ ಅಲ್ಲಿಗೇ ಹೋಗುತ್ತೆ. ನಾನಿರೋದೇ ಹಾಗೆ. ಕಾಲು ಹೋಗದ ಹಾಗೆ ತಡೀತೀನಿ... ತಡೀತೀನಿ ಅನ್ಸುತ್ತೆ. ಆಣೆ ಇಡೋಕಾಗಲ್ಲ. ಆದ್ರೆ ಒಂದಂತೂ ನಿಜ. ತಡೆಯೋಕಾಗದೇ ಹೋದ್ರೆ, ನೀನು ಕೇಳೋಕೆ ಮುಂಚೆ ನಾನೇ ಬಂದು ಹೇಳ್ತೀನಿ."

ಅವನು ಈಗ ಅವಳ ಕಡೆ ತಿರುಗಿದ.

"'ಇಲ್ಲ' ಅಂದಿದ್ರೆ ಎದ್ದು ಹೋಗ್ಬೇಕು ಅಂತಿದ್ದೆ."

"ಅಂದ್ರೆ... ಈಗ ಹೋಗಲ್ವಾ?"

ಅವನು ಅವಳ ಬೆವರಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

"ಅಳ್ಬೇಡ. ನಂಗಿನ್ನೂ ಕೋಪ ಇದೆ."

"ಇರ್ಲಿ."

"ತುಂಬಾ ದಿನ ಇರುತ್ತೆ."

"ನಾನೂ ಇರ್ತೀನಿ," ಅಂದಳು ಬುಗುರಿ. "ಅದಕ್ಕಿಂತ ಜಾಸ್ತಿ ದಿನ."