ಆರನೇ ಪೆಟ್ಟಿಗೆಯ ವಾಸನೆ

ಬೆಳಿಗ್ಗೆ ಹತ್ತಕ್ಕೆ ಘ್ರಾಣಿ ಆರನೇ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿಸಿತು. ತೊಗಲು ಕೊಳೆಯಲು ಶುರುವಾದಾಗ ಮನುಷ್ಯರ ಮೂಗಿಗೆ ನಿಲುಕದ ಒಂದು ಆವಿ ಹೊಮ್ಮುತ್ತದೆ. ಅದನ್ನು ಹಿಡಿಯುವ ಯಂತ್ರ ಅದು. ಇಷ್ಟು ದಿನ ಅದು ಹಸಿರು ದೀಪವನ್ನಷ್ಟೇ ತೋರಿಸಿತ್ತು.

ಅದನ್ನು ಕಟ್ಟಿದ ಡಾ. ಫರ್ಹಾನಾ ಮುಧೋಳ ಮರುದಿನವೇ ಹಿರೇಕಣವಿಯ ತೊಗಲುಗೊಂಬೆ ಸಂಗ್ರಹಾಲಯಕ್ಕೆ ಬಂದಳು. ಪೆಟ್ಟಿಗೆ ತೆರೆದರೆ ಗೊಂಬೆಗಳ ಮೇಲೆ ಬೂದುಬಣ್ಣದ ಬೂಷ್ಟು.

"ಈ ಕೋಣೆಯಲ್ಲಿ ಏನು ಬದಲಾಯ್ತು?"

"ಏನೂ ಇಲ್ರಿ ಮೇಡಂ," ಎಂದ ಮೇಲ್ವಿಚಾರಕ ಕೊಟ್ರಬಸಪ್ಪ. "ಹೋದ ವರ್ಷ ಕಸ ಗುಡಿಸೋ ಹುಲಿಗೆವ್ವನ ಕೆಲಸ ತಗದ್ವಿ, ಅಷ್ಟ. ಕೋಣೆ ತಾನ ಒಣಗಿರತೈತಿ, ಆರೈಕೆ ಬ್ಯಾಡ ಅಂತ ನಿಮ್ಮ ಯಂತ್ರಾನ ಹೇಳಿತ್ತಲ್ರಿ."

ಹೇಳಿದ್ದು ನಿಜ. ಸಂಗ್ರಹಾಲಯದ ಕಂಪ್ಯೂಟರ್ ಜಾಲದಲ್ಲಿ ಸಿಬ್ಬಂದಿ ಬರೆಯುವ ದಿನಚರಿಯನ್ನೂ ಕೋಣೆಯ ಗಾಳಿಯನ್ನೂ ಹೋಲಿಸಿ ಘ್ರಾಣಿ ಕಲಿಯುತ್ತಿತ್ತು. ದಿನಚರಿಯ ಪ್ರಕಾರ ಯಾರೂ ಏನೂ ಮಾಡಿರಲಿಲ್ಲ, ಆದರೂ ಗೊಂಬೆಗಳು ಚೆನ್ನಾಗಿದ್ದವು; ಹಾಗಾಗಿ ಆರೈಕೆ ಬೇಡವೆಂದು ಅದು ಕಲಿತಿತ್ತು.

ಹುಲಿಗೆವ್ವನನ್ನು ಕರೆಸಿದರು. ಮೂವತ್ತೊಂದು ವರ್ಷ ಅಲ್ಲಿ ಕಸ ಗುಡಿಸಿದವಳು, ಗೊಂಬೆ ಆಡಿಸುವವರ ಮನೆತನದವಳು. ಪೆಟ್ಟಿಗೆಯ ಮುಂದೆ ಕುಳಿತು ಒಂದೊಂದೇ ಗೊಂಬೆಯನ್ನು ತಿರುಗಿಸಿ ನೋಡಿದಳು.

"ಅಮಾಸಿಗೊಮ್ಮೆ ಹೊರಗ ತಗದು ನೆಳ್ಳಾಗ ಹರವತಿದ್ದೆ. ಒರಸಿ, ಬೇವಿನ ಎಲಿ ಹಾಸಿ, ರಾಕ್ಷಸರನ್ನ ಬ್ಯಾರೆ ಇಡತಿದ್ದೆ. ದೇವರ ಜೋಡಿ ಇಡಬಾರದಲ್ರಿ."

"ಇದನ್ನ ಯಾರೂ ಬರೆದಿಲ್ಲವಲ್ಲ?"

"ಜಾಲದ ಸಂಪರ್ಕ ಇದ್ದದ್ದು ಮೂರು ಮಂದಿಗೆ. ನನಗೂ ಕಾವಲು ಫಕೀರಪ್ಪಗೂ ಎಲ್ಲೈತ್ರಿ? ಈ ಸಾಹೇಬ್ರಿಗೆ ಹೇಳಿದ್ನಿ. ಆತವ್ವ, ಬರೀತೀನಿ ಅಂದಿದ್ರು."

ಕೊಟ್ರಬಸಪ್ಪ ಕಿಟಕಿಯ ಕಡೆ ತಿರುಗಿದ.

ಬೂಷ್ಟು ಹಿಡಿದು ಮೆತ್ತಗಾದ ಒಂದು ಗೊಂಬೆಯನ್ನು ಹುಲಿಗೆವ್ವ ಎತ್ತಿಕೊಂಡಳು. "ನಮ್ಮಜ್ಜ ಆಡಿಸಿದ ಮಂಡೋದರಿ. ಇನ್ನ ಉಳಿಯಂಗಿಲ್ಲ. ಜೀವ ಹೋದ ಗೊಂಬಿನ ಹೊಳಿಗೆ ಬಿಡತೀವಿ ನಾವು. ಕೊಡ್ರಿ."

"ದಾಖಲಾದ ವಸ್ತು, ಕೊಡಾಕ ಬರಂಗಿಲ್ಲ," ಎಂದ ಕೊಟ್ರಬಸಪ್ಪ.

"ಹೆಣಕ್ಕೂ ನಂಬರ್ ಹಾಕಿ ಇಟ್ಕೋತೀರಿ?"

ಫರ್ಹಾನಾ ಮೆಲ್ಲಗೆ ಹೇಳಿದಳು: "ನಾಳೆಯಿಂದ ಕೆಲಸಕ್ಕೆ ಬನ್ನಿ ಅಮ್ಮಾ. ನಿಮಗೂ ಸಂಪರ್ಕ ಕೊಡಿಸ್ತೀನಿ. ನೀವೇ ಬರೀಬಹುದು."

"ಈಗ ಏನಂತ ಬರೀಲಿ ತಾಯಿ?"

ಅವಳು ಗೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ಎದ್ದು ಹೋದಳು. ಮರುದಿನ ಬರಲಿಲ್ಲ.

ಘ್ರಾಣಿ ‘ಆರೈಕೆ ಬೇಡ’ ಎಂದ ಕೋಣೆಗಳು ನಾಡಿನಲ್ಲಿ ಇನ್ನೂ ನೂರಾ ಹನ್ನೆರಡು ಇದ್ದವು. ಫರ್ಹಾನಾ ಆ ತೀರ್ಪುಗಳನ್ನೆಲ್ಲ ತಡೆಹಿಡಿದಳು. ಆಮೇಲೆ, ದಿನಚರಿಯ ಈ ಮೌನ ಯಾವಾಗ ಶುರುವಾಯಿತೆಂದು ತಿಳಿಯಲು ಸಂಗ್ರಹಾಲಯದ ಹಳೆಯ ಕಡತಗಳನ್ನು ತೆರೆದಳು. ಮೂವತ್ತೆರಡು ವರ್ಷಗಳ ಹಿಂದೆ, 2026ರಲ್ಲಿ, ಹಾಜರಿ ಪುಸ್ತಕದಲ್ಲಿ ಐದು ಹೆಸರುಗಳಿದ್ದವು. ಜಾಲದ ದಿನಚರಿಯಲ್ಲಿ ಮೂರು. ಉಳಿದಿಬ್ಬರು, ಹುಲಿಗೆವ್ವ ಮತ್ತು ಫಕೀರಪ್ಪ, ದಿನವಿಡೀ ಏನು ಮಾಡುತ್ತಿದ್ದರೆಂದು ಆಗ ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಹೇಳುವವರು ಪಕ್ಕದ ಕೋಣೆಯಲ್ಲೇ ಇದ್ದರು.