ಹೊರಗೆ ಬಂದ ದೀಪ

ಸಂಜೆ ಆರರ ಹೊತ್ತಿಗೆ ಮಳೆಕಾಡಿನ ಉದ್ಯಾನದ ಪೊಲೀಸ್ ಠಾಣೆಗೆ ಪ್ರವಾಸಿ ಮಹಿಳೆಯೊಬ್ಬರು ಬಂದು ದೂರು ಕೊಟ್ಟರು. ಬಾವಲಿ ಗುಹೆ ನೋಡಲು ಗೈಡ್ ಜೊತೆ ಒಳಗೆ ಹೋದ ಗಂಡ ಹಿಂದಿರುಗಿರಲಿಲ್ಲ. ಬಾವಲಿಯೆಂದರೆ ಭಯವಾದ್ದರಿಂದ ಆಕೆ ಹೊರಗೇ ಉಳಿದಿದ್ದರು. ಗಂಡನ ಮೊಬೈಲೂ ಅವರ ಕೈಯಲ್ಲೇ ಇತ್ತು. ಗೈಡ್ ಒಬ್ಬನೇ ಹೊರಗೆ ಬಂದು, ಸಾಹೇಬರು ಆಗಲೇ ಹೊರಟರಲ್ಲ ಎಂದನಂತೆ.

ಇನ್ಸ್‌ಪೆಕ್ಟರ್ ನಾಪತ್ತೆ ಪ್ರಕರಣ ದಾಖಲಿಸಿಕೊಂಡು ಹುಡುಕಾಟಕ್ಕೆ ಜನ ಕಳಿಸಿದರು. ಮರುದಿನ ಬೆಳಗ್ಗೆ ಶವ ಸಿಕ್ಕಿತು. ಪ್ರವಾಸಿಗರನ್ನು ಬಿಡದ ಒಳಗುಹೆಯಲ್ಲಿ, ಕಬ್ಬಿಣದ ಗೇಟಿನಾಚೆ, ಆಳವಾದ ಹೊಂಡದ ತಳದಲ್ಲಿ. ಬಾವಲಿ ಹಿಕ್ಕೆಯ ಘಾಟಿಗೆ ಪಂಚರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಪಂಚನಾಮೆಗೆ ಸಹಿ ಹಾಕಿದರು. ಶವದ ತಲೆಯ ಮೇಲೆ ಹೆಲ್ಮೆಟ್ ಇತ್ತು. ಅದಕ್ಕೆ ಸಿಕ್ಕಿಸುವ ದೀಪ ಇರಲಿಲ್ಲ. ಹೊಂಡದಲ್ಲೂ ಇರಲಿಲ್ಲ, ದಾರಿಯಲ್ಲೂ ಇರಲಿಲ್ಲ.

ಪ್ರವಾಸಿಗರಿಗೆ ಹೆಲ್ಮೆಟ್, ದೀಪ ಕೊಟ್ಟು ವಾಪಸು ಪಡೆಯುವ ಗೈಡ್‌ಗಳ ಕೊಠಡಿಗೆ ಹೆಡ್ ಕಾನ್ಸ್‌ಟೇಬಲ್ ಹೋಗಿ ನೋಡಿ ಬಂದ. ಅಲ್ಲಿ ದೀಪಗಳು ಒಂದೂ ಕಮ್ಮಿಯಿರಲಿಲ್ಲ.

ಗೈಡ್‌ನನ್ನು ಕರೆಸಿದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಹುಡುಕುವವರ ಜೊತೆ ತಾನೂ ಅಲೆದಿದ್ದ. ಬೂಟಿನ ಕೆಸರು ಇನ್ನೂ ಹಸಿಯಾಗಿತ್ತು.

"ಗೇಟಿನ ಬೀಗ ತೆಗೆದೋರು ಯಾರು?"

"ನಾನೇ ಸಾರ್. ಒಳಗೆ ನೋಡ್ಬೇಕು ಅಂದ್ರು."

"ಅವರು ಒಬ್ಬರೇ ಮೊದಲು ಹೊರಟ್ರು ಅಂದ್ರಿ. ದೀಪ ಇಲ್ದೆ ಹೊರಟ್ರಾ?"

ಗೈಡ್ ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಅವರ ದೀಪ ಹೊರಗೆ ತಂದೋರು ಯಾರು?"

"ನಾನೇ."

ಆಮೇಲೆ ಹೆಚ್ಚು ಕೇಳಬೇಕಾಗಲಿಲ್ಲ. ಪ್ರವಾಸಿಗರಿಗೆ ಗುಹೆ ತೋರಿಸುವ ದನಿಯಲ್ಲೇ ಅವನು ಹೇಳುತ್ತ ಹೋದ. ಕೆಲವು ವರ್ಷಗಳ ಹಿಂದೆ ಶಾಲೆ ಬಿಟ್ಟು ಬರುತ್ತಿದ್ದ ಅವನ ಮಗಳು ಕಾರಿನಡಿ ಸಿಕ್ಕಿ ಸತ್ತಿದ್ದಳು. ಕಾರು ಓಡಿಸುತ್ತಿದ್ದುದು ಹೊಂಡದಲ್ಲಿ ಸಿಕ್ಕ ಇದೇ ಪ್ರವಾಸಿ. ಸಾಕ್ಷಿಗಳು ಮಾತು ಬದಲಿಸಿದರು, ಕೇಸು ಬಿದ್ದುಹೋಯಿತು. ವಿಚಾರಣೆ ನಡೆದಷ್ಟು ಕಾಲವೂ ಗೈಡ್ ಕೋರ್ಟಿನಲ್ಲಿ ಅವರ ಎದುರಿಗೇ ಕೂತಿದ್ದ. ಆದರೆ ನಿನ್ನೆ ಗುಹೆಯ ಬಾಯಲ್ಲಿ ಅವರು ಇವನ ಹೆಗಲ ಮೇಲೆ ಕೈ ಹಾಕಿ ಹೆಂಡತಿಯಿಂದ ಫೋಟೋ ತೆಗೆಸಿಕೊಂಡರು. ಅವರಿಗೆ ಇವನ ಗುರುತು ಹತ್ತಿರಲಿಲ್ಲ.

"ನೀವ್ಯಾರು ಅಂತ ಹೇಳ್ಬಹುದಿತ್ತಲ್ಲ," ಎಂದರು ಇನ್ಸ್‌ಪೆಕ್ಟರ್.

"ಹೇಳ್ದೆ ಸಾರ್. ಗೇಟು ದಾಟಿದ ಮೇಲೆ ಮಗಳ ಹೆಸರು ಹೇಳ್ದೆ. 'ಯಾರದು?' ಅಂದ್ರು."

ದೀಪ ಮಂಕಾಗಿದೆ, ಕೊಡಿ ನೋಡ್ತೀನಿ ಎಂದು ಕೇಳಿದ್ದು ಆಮೇಲೆ. ಅವರು ತೆಗೆದು ಕೊಟ್ಟರು. ಎರಡೂ ದೀಪ ಹಿಡಿದುಕೊಂಡು ಗೈಡ್ ಬಂದ ದಾರಿಯಲ್ಲೇ ತಿರುಗಿದ. ಸ್ವಲ್ಪ ದೂರದವರೆಗೆ ಅವರು ಕರೆಯುವುದು ಕೇಳಿಸುತ್ತಿತ್ತಂತೆ. ಹೊಂಡ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನೂ ಅವನು ಮುಚ್ಚಿಡಲಿಲ್ಲ.

ಮಧ್ಯಾಹ್ನದೊಳಗೆ ಕೊಲೆಯ ಎಫ್‌ಐಆರ್ ದಾಖಲಾಯಿತು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂದು ಹೆಡ್ ಕಾನ್ಸ್‌ಟೇಬಲ್ ಕೇಳಿದ.

"ಮನೇಲಿ ಮಗಳ ಅಮ್ಮ ಇದ್ದಾಳೆ," ಎಂದ ಗೈಡ್. "ನನಗೂ ಸೇರಿಸಿ ಅಡುಗೆ ಮಾಡ್ಬೇಡ ಅಂತ ಹೇಳ್ಬಿಡಿ."