ಹಗಲಿನಲ್ಲಿ ಹಚ್ಚಿದ ದೀಪ

ಮಧ್ಯಾಹ್ನ ಜತ್ತದ ಪೇಟೆ ಮಲಗುತ್ತಿತ್ತು. ಫೌಜದಾರ ಗೊಲ್ಲಾಳಪ್ಪನೂ ಠಾಣೆಯ ಕುರ್ಚಿಯಲ್ಲಿ ತೂಕಡಿಸುತ್ತ, ಕನಸಿನ ಯಾವುದೋ ಕೆರೆಗೆ ಕಾಲು ಇಳಿಬಿಟ್ಟಿದ್ದ. ಬಾಗಿಲಲ್ಲಿ ಶಿವಲಿಂಗವ್ವ ನಿಂತದ್ದು ಕನಸೋ ನಿಜವೋ ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಸಾಹೇಬ್ರ, ನಮ್ಮ ಮನಿಯವರು ಹ್ವಾದ್ರು," ಎಂದಳು.

ಅವಳ ಗಂಡ ದುಂಡಪ್ಪ ಸೇಂಗಾ ದಲಾಲ. ಅಂಗಡಿಯ ಗಾದಿಯ ಪಕ್ಕ ಬಿದ್ದಿದ್ದ. ತಲೆಯ ಹಿಂದೆ ರಕ್ತ, ಬದಿಗೆ ತೂಕದ ಕಲ್ಲು. ಏನೂ ಕಳುವಾಗಿರಲಿಲ್ಲ. ಊಟಕ್ಕೆ ಕರೆಯಲು ಬಂದ ಶಿವಲಿಂಗವ್ವನಿಗೆ ಮೊದಲು ಕಂಡದ್ದು ಗೋಡೆಯ ಗೂಡಿನಲ್ಲಿ ಉರಿಯುತ್ತಿದ್ದ ದೀಪ. ಸುಡುಬಿಸಿಲಿನಲ್ಲಿ ದೀಪ! ಅಪಶಕುನವೆಂದು ಅದನ್ನು ಆರಿಸಿದ ಮೇಲೆಯೇ ಗಂಡನನ್ನು ನೋಡಿದ್ದಳು. ದೀಪದ ಮಾತು ಯಾರ ಮುಂದೆಯೂ ಆಡಬೇಡ ಎಂದ ಗೊಲ್ಲಾಳಪ್ಪ. ಯಾಕೆ ಹಾಗೆಂದನೋ ಅವನಿಗೂ ತಿಳಿಯದು.

*

ಪಕ್ಕದಂಗಡಿಯ ಶಿದ್ರಾಯ ಕಣ್ಣೊರೆಸಿಕೊಳ್ಳುತ್ತಲೇ ಸುಳಿವು ಕೊಟ್ಟ. ಬಿಳೂರಿನ ವ್ಯಾಪಾರಿ ಗುಲಾಬ ಬೆಳಿಗ್ಗೆ ದುಂಡಪ್ಪನೊಡನೆ ಜಗಳ ತೆಗೆದಿದ್ದನಂತೆ, ಮಧ್ಯಾಹ್ನ ಅಂಗಡಿಯಿಂದ ಗಡಬಡಿಸಿ ಹೊರಬಿದ್ದನಂತೆ. ಫೌಜದಾರ ಗುಲಾಬನನ್ನು ಹಿಡಿದು ಒಳಗೆ ಹಾಕಿದ. ಗುಲಾಬನ ಹೆಂಡತಿ ಮಲೀಕಾ ಠಾಣೆಯ ಕಟ್ಟೆಯ ಮೇಲೆ ಕುಳಿತಳು. ಅಳಲಿಲ್ಲ. ಅದೇ ಗೊಲ್ಲಾಳಪ್ಪನನ್ನು ಹೆಚ್ಚು ಕಾಡಿತು. ಕೊಲೆಯ ಅಪವಾದ ಗಟ್ಟಿಯಾದರೆ ಅವಳ ಗಂಡನ ಕೊರಳಿಗೆ ನೇಣು.

ದರ ಕೇಳಲು ಹೋಗಿದ್ದೆ ಅಷ್ಟೇ ಎಂದ ಗುಲಾಬ. "ನಾ ಮುಂಜಾನೆ ತಗೊಂಡಾಂವ್ರಿ. ಸಂಜೀಕ ದರ ಏರ್ತೈತೇನೋ ಅಂತ ದಾರಿ ಕಾಯೋನು ನಾ. ದಲಾಲನ್ನ ಯಾಕ ಕೊಲ್ಲಲಿ?"

ಪೇಟೆಯ ಆಟವೇ ಹಾಗಿತ್ತು. ಚೀಲ ಅಲುಗುತ್ತಿರಲಿಲ್ಲ, ಬರೀ ಮಾತಿನ ಸೌದಾ. ಬೆಳಿಗ್ಗೆ ಹುರುಪು; ದರ ಮೇಲೆ. ಮಧ್ಯಾಹ್ನ ಕೊಳ್ಳುವವರಿಗೆಲ್ಲ ನಿದ್ದೆ, ದರವೂ ಮಲಗುತ್ತಿತ್ತು. ಸಂಜೆ ಸಾಂಗಲಿಯಿಂದ ಫೋನು ಬಂದರೆ ಮತ್ತೆ ಏರುವುದೇ ಹೆಚ್ಚು. ಆಮೇಲೆ ದಲಾಲ ಗೂಡಿನ ದೀಪ ಹಚ್ಚುತ್ತಿದ್ದ. ದೀಪ ಹತ್ತಿದಾಗಿನ ದರವೇ ಆ ದಿನದ ದರ. ಲಾಭನಷ್ಟ ಅದರ ಮೇಲೆ: ಏರಿದ್ದರೆ ಕೊಂಡವನಿಗೆ ಲಾಭ, ಇಳಿದಿದ್ದರೆ ಮಾರಿದವನಿಗೆ. ಯಾರು ಕೊಂಡರು, ಯಾರು ಮಾರಿದರು ಎಂಬುದು ಟವೆಲ್ಲಿನ ಕೆಳಗೆ ಬೆರಳು ಹಿಡಿದ ಎರಡು ಕೈಗಳಿಗಷ್ಟೇ ಗೊತ್ತು. ಅದರಲ್ಲಿ ಒಂದು, ದಲಾಲನ ಕೈ, ಈಗ ತಣ್ಣಗಾಗಿತ್ತು.

ಗೊಲ್ಲಾಳಪ್ಪ ಕಣ್ಣು ಮುಚ್ಚಿದ. ಬಿಸಿಲಿನಲ್ಲಿ ಆ ದೀಪ ತೇಲಿದಂತಾಯಿತು. ಥಟ್ಟನೆ ಎದ್ದು ಕುಳಿತ.

*

ಹೊತ್ತು ಇಳಿಯುವಾಗ ವ್ಯಾಪಾರಿಗಳನ್ನೆಲ್ಲ ದುಂಡಪ್ಪನ ಅಂಗಡಿಗೆ ಕರೆಸಿದ. ಹೆಣ ಆಗಲೇ ದವಾಖಾನೆಗೆ ಹೋಗಿತ್ತು.

"ಇವತ್ತಿನ ಸೌದಾ ಮುಗಿದಿಲ್ರಿ," ಎಂದ. "ಸಾಂಗ್ಲಿ ದರ ಬರ್ಲಿ. ಆಮ್ಯಾಲ ಶಿವಲಿಂಗವ್ವಾರು ದೀಪ ಹಚ್ತಾರ."

ಗುಂಪು ಗುಸುಗುಸು ಎಂದಿತು. ಶಿದ್ರಾಯ ಚಡಪಡಿಸಿದ. ಕೊನೆಗೆ ತಡೆಯಲಾಗದೆ ಬಾಯಿ ಬಿಟ್ಟ.

"ಅದೆಂಗ್ರಿ ಸಾಹೇಬ್ರ? ಮಧ್ಯಾಹ್ನಾನ ದೀಪ ಹತ್ತೇತಲ್ಲ. ಆವಾಗಿನ ದರಾನ ಖರೆ."

"ದೀಪ ಹತ್ತಿದ್ದು ನನಗ ಗೊತ್ತು, ಈ ತಾಯಿಗೆ ಗೊತ್ತು," ಎಂದ ಗೊಲ್ಲಾಳಪ್ಪ. "ಆ ಗೂಡು ಒಳಗ ಬಂದವ್ರಿಗಷ್ಟ ಕಾಣ್ತೈತಿ. ನಿನಗ ಯಾರು ಹೇಳಿದ್ರು?"

ಶಿದ್ರಾಯ ಬಾಗಿಲಿನತ್ತ ನೋಡಿದ.

ಗೊಲ್ಲಾಳಪ್ಪ ಮೆಲ್ಲಗೆ ಬಿಡಿಸಿ ಹೇಳಿದ. ಮಧ್ಯಾಹ್ನದ ಇಳಿದ ದರಕ್ಕೆ ಪೇಟೆ ಮುಚ್ಚಿದರೆ ಲಾಭ ಯಾರಿಗೆ? ಬೆಳಿಗ್ಗೆ ಮೇಲಿನ ದರಕ್ಕೆ ಮಾರಿದವನಿಗೆ. ಕೊಂಡ ಗುಲಾಬನಿಗಲ್ಲ. ಬೆಳಿಗ್ಗೆ ಮಾರಿ, ಸಂಜೆ ದರ ಏರೀತೆಂದು ಹೆದರಿದ ಶಿದ್ರಾಯ ಈಗಲೇ ದೀಪ ಹಚ್ಚು ಎಂದು ಗೋಗರೆದಿದ್ದ, ದುಂಡಪ್ಪ ಒಪ್ಪಲಿಲ್ಲ. ಕಲ್ಲು ಕೈಗೆ ಬಂತು. ಆಮೇಲೆ ದೀಪವನ್ನು ತಾನೇ ಹಚ್ಚಿದ. ಕಂಡವರು ಊರಿಗೆಲ್ಲ ಸಾರುತ್ತಾರೆಂದು ನಂಬಿದ್ದ. ಯಾರೂ ಸಾರಲಿಲ್ಲ. ಈಗ ದೀಪದ ಮಾತೆತ್ತದಿದ್ದರೆ ಮಾಡಿದ ಪಾಪವೆಲ್ಲ ದಂಡ. ಎತ್ತಿದರೆ ಕೈಗೆ ಕೋಳ. ಆಸೆಯೇ ಅವನಿಂದ ಮಾತಾಡಿಸಿತು.

ಶಿದ್ರಾಯ ತಾನಾಗಿಯೇ ಎರಡೂ ಕೈ ಕೋಳಕ್ಕೆ ಚಾಚಿದ.

*

ಗುಲಾಬನನ್ನು ಬಿಟ್ಟರು. ತಪ್ಪಾಯಿತೆಂದು ಫೌಜದಾರ ಮಲೀಕಾಳಿಗೂ ಹೇಳಿದ. ಅವಳು ತಲೆಯಾಡಿಸಿ ಗಂಡನ ತೋಳು ಹಿಡಿದಳು. ಅಷ್ಟರಲ್ಲಿ ಸಾಂಗಲಿಯ ದರ ಬಂತು. ಏರಿರಲಿಲ್ಲ. ಮಧ್ಯಾಹ್ನಕ್ಕಿಂತಲೂ ಕೆಳಗೆ ಬಿದ್ದಿತ್ತು. ಗುಲಾಬ ಸೌದಾದಲ್ಲಿ ಸೋತಿದ್ದ, ಆದರೂ ಕೊರಳು ಉಳಿಸಿಕೊಂಡು ಹೆಂಡತಿಯೊಡನೆ ಬಿಳೂರಿನ ದಾರಿ ಹಿಡಿದ.

ಶಿದ್ರಾಯ ಠಾಣೆಯ ಕಂಬಿ ಹಿಡಿದು ಕೇಳಿದ. "ಇಳೀತ್ರಿ? ಖರೇನ ಇಳೀತ್ರಿ?"

ಗೊಲ್ಲಾಳಪ್ಪ ಹೌದೆಂದ. ಸಂಜೆಯ ತನಕ ಸುಮ್ಮನೆ ಕುಳಿತಿದ್ದರೂ ಶಿದ್ರಾಯನೇ ಗೆಲ್ಲುತ್ತಿದ್ದ. ದುಂಡಪ್ಪ ಮನೆಗೆ ಹೋಗಿ ಉಣ್ಣುತ್ತಿದ್ದ.